ಬಿಳಿ ದಾರದ ಕಾಯಿಗಳು

ನನ್ನ ಗಂಡನ ಬೆರಳುಗಳಿಗೆ ಸ್ಪರ್ಶವೇ ಹೋಗಿದೆ ಎಂದು ನನಗೆ ಮೊದಲು ತಿಳಿಸಿದ್ದು ದ್ರಾಕ್ಷಿ ಕಾಯಿಗಳು. ಇಪ್ಪತ್ತಾರು ವರ್ಷದ ಸಂಸಾರ, ಒಂದೇ ಹಾಸಿಗೆ, ಒಂದೇ ಊಟದ ಮೇಜು. ಆದರೂ ಅದು ನನ್ನ ಕಣ್ಣಿಗೆ ಬೀಳಲಿಲ್ಲ. ಅರೆದು, ತೊಳೆದು, ಯಂತ್ರದೊಳಗೆ ಹಾಕಿದ ಕಾಯಿಗಳು ಬಾಯಿಬಿಟ್ಟವು. ನನ್ನಂಥ ಹೆಂಡತಿಗೆ ಏನನ್ನಬೇಕೋ ನೀವೇ ಅಂದುಕೊಳ್ಳಿ. ನಾನಂತೂ ಅಂದುಕೊಂಡು ಮುಗಿಸಿದ್ದೇನೆ.

ನಾವಿಬ್ಬರೂ ವೈನ್ ದ್ರಾಕ್ಷಿಯ ಸಂಶೋಧನಾ ಕೇಂದ್ರದಲ್ಲಿ ಕೆಲಸಕ್ಕಿದ್ದವರು. ಅವರು ತೋಟದಲ್ಲಿ, ನಾನು ಲ್ಯಾಬಿನಲ್ಲಿ. ತೋಟದ ಹಿಂದೆಯೇ ಕೆಲಸಗಾರರ ಮನೆಗಳು. ನಮ್ಮದು ಸಾಲಿನ ಕೊನೆಯ ಮನೆ, ಎರಡು ಕೋಣೆ, ಮುಂದೆ ಮೂರು ಮೆಟ್ಟಿಲು. ಮನೆಯಿಂದ ತೋಟದ ಗೇಟಿಗೆ ಹತ್ತು ನಿಮಿಷದ ದಾರಿ. ಆರೋಗ್ಯವಾಗಿದ್ದಾಗ ಅವರಿಗೆ ಅದು ಐದೇ ನಿಮಿಷ.

ದ್ರಾಕ್ಷಿ ನಿಧಾನವಾಗಿ ಹಣ್ಣಾಗುತ್ತದೆ ಎಂದು ಜನ ಅಂದುಕೊಂಡಿದ್ದಾರೆ. ಹಾಗಲ್ಲ. ವಾರಗಟ್ಟಲೆ ಹಸಿರಾಗಿ, ಗಟ್ಟಿಯಾಗಿ ಜಪ್ಪಯ್ಯ ಅಂದರೂ ಬದಲಾಗದೆ ಕೂತಿದ್ದ ಕಾಯಿ ಒಂದೇ ದಿನದಲ್ಲಿ ಮೆತ್ತಗಾಗಿಬಿಡುತ್ತದೆ. ಬಣ್ಣ ಏರುವುದು ಆಮೇಲೆ. ಆ ಒಂದು ದಿನದಲ್ಲಿ ಕಾಯಿಯೊಳಗೆ ಸಾವಿರಾರು ಜೀನ್‌ಗಳ ಪಾಳಿ ಬದಲಾಗುತ್ತದೆ. ಕೆಲವು ಎದ್ದು ಕೆಲಸಕ್ಕೆ ಕೂರುತ್ತವೆ, ಕೆಲವು ಕೆಲಸ ಮುಗಿಸಿ ಮಲಗುತ್ತವೆ. ಎಲ್ಲಕ್ಕಿಂತ ಮೊದಲು ಏಳುವುದು ಯಾವುದು, ಅದು ಯಾರನ್ನು ಎಬ್ಬಿಸುತ್ತದೆ ಎನ್ನುವುದೇ ನಮ್ಮ ದೊಡ್ಡ ಮೇಡಂ ಹನ್ನೊಂದು ವರ್ಷದಿಂದ ಬೆನ್ನುಹತ್ತಿದ್ದ ಪ್ರಶ್ನೆ.

ತೊಂದರೆ ಏನೆಂದರೆ ಒಂದೇ ಗೊಂಚಲಿನ ಪಕ್ಕಪಕ್ಕದ ಎರಡು ಕಾಯಿಗಳಿಗೂ ಹೊಂದಾಣಿಕೆ ಇಲ್ಲ. ಒಂದು ಇವತ್ತು ಮೆತ್ತಗಾದರೆ ಇನ್ನೊಂದು ಮುಂದಿನ ವಾರ. ಇಡೀ ಗೊಂಚಲು ಅರೆದರೆ ಸಿಗುವುದು ಕಲಸುಮೇಲೋಗರ. ಹಾಗಾಗಿ ಒಂದೊಂದೇ ಕಾಯಿಯನ್ನು ಆರಿಸಬೇಕು: ಇನ್ನೂ ಗಟ್ಟಿ ಇರುವ ಹಸಿರು ಕಾಯಿ ಬೇರೆ, ಈಗಷ್ಟೇ ಮೆತ್ತಗಾದ ಹಸಿರು ಕಾಯಿ ಬೇರೆ. ಕಣ್ಣಿಗೆ ಎರಡೂ ಒಂದೇ. ಅಳೆಯುವ ಯಂತ್ರವೊಂದಿದೆ, ಆದರೆ ಅದು ಒತ್ತಿದರೆ ಕಾಯಿಗೆ ಗಾಯ. ಗಾಯವಾದ ಕಾಯಿಯ ಜೀನ್‌ಗಳು ಗಾಯದ ಗೋಳು ಹೇಳಲು ಶುರು ಮಾಡುತ್ತವೆ, ಹಣ್ಣಾಗುವ ಸುದ್ದಿ ಹಿಂದೆ ಬೀಳುತ್ತದೆ. ಉಳಿದದ್ದು ಬೆರಳು. ನೋವಾಗದ ಹಾಗೆ ಮುಟ್ಟಿ, ಒಳಗೆ ಏನಾಗಿದೆ ಎಂದು ಹೇಳುವ ಬೆರಳು.

ಅಂಥ ಬೆರಳು ಇಡೀ ಕೇಂದ್ರದಲ್ಲಿ ಇದ್ದದ್ದು ನನ್ನ ಗಂಡನಿಗೆ ಮಾತ್ರ. ಅವರನ್ನು ದೊಡ್ಡ ಮೇಡಂ ‘ಬೆರಳು ಮಾಸ್ತರೇ’ ಎಂದೇ ಕರೆಯುತ್ತಿದ್ದರು. ಹೊರದೇಶದಿಂದ ಬಂದ ವಿಜ್ಞಾನಿಗಳು ಅವರ ಪಕ್ಕದಲ್ಲಿ ನಿಂತು ಕಾಯಿ ಮುಟ್ಟಿ ಮುಟ್ಟಿ ಪೆಚ್ಚುಮೋರೆ ಹಾಕಿಕೊಂಡು ಹೋಗುವುದನ್ನು ನಾನು ಕಂಡಿದ್ದೇನೆ. ಮದುವೆಯಾದ ಹೊಸತರಲ್ಲಿ ನನಗೂ ಕಲಿಸಿದ್ದರು. "ಒತ್ಬೇಡ ಕಣೇ. ಮಾತಾಡಿಸು. ಬಾಗಿಲು ತಟ್ಟೋ ಹಾಗೆ" ಅಂತ. ನನ್ನ ಸಿಡುಕಿಗೆ ಎರಡು ಕಾಯಿ ಪಚ್ಚೆಂದು ಒಡೆದ ಮೇಲೆ, "ನೀನು ಲ್ಯಾಬಲ್ಲೇ ಇರು ತಾಯಿ, ಹೆಂಗಿದ್ರೂ ಅಲ್ಲಿ ಅರೆಯೋ ಕೆಲಸ" ಅಂದಿದ್ದರು.

ಈ ವರ್ಷದ ಹಂಗಾಮು ಶುರುವಾಗುವ ಹೊತ್ತಿಗೆ ಅವರ ಹೊಟ್ಟೆಯ ಕ್ಯಾನ್ಸರ್ ಲಿವರ್‌ಗೆ ಹತ್ತಿತ್ತು. ಕಿಮೋ ಔಷಧಿಯ ಡ್ರಿಪ್ ಹಾಕಿಸಿಕೊಳ್ಳಲು ಹದಿನೈದು ದಿನಕ್ಕೊಮ್ಮೆ ಆಸ್ಪತ್ರೆಗೆ ಹೋಗಿ ಬರುತ್ತಿದ್ದೆವು. ಇನ್ನೊಂದು ಹಂಗಾಮು ಇವರು ನೋಡಲಾರರು ಎಂದು ಡಾಕ್ಟರು ನಮ್ಮಿಬ್ಬರ ಎದುರೇ ಹೇಳಿದರು. ವಾಪಸು ಬರುವಾಗ ಬಸ್ಸಿನಲ್ಲಿ ನಾನು ಸೆರಗು ಬಾಯಿಗೆ ತುರುಕಿಕೊಂಡು ಕೂತಿದ್ದರೆ ಇವರು ಕಿಟಕಿ ಕಡೆ ನೋಡುತ್ತಾ, "ಹಾಗಾದ್ರೆ ಈ ಸಲದ ಕಾಯಿ ನಾನೇ ಗುರುತು ಮಾಡ್ಬೇಕು. ಬೇರೆ ಯಾರ ಕೈಗೂ ಬಿಡಲ್ಲ. ಅದೊಂದು ನಡೆಸಿಕೊಡು" ಅಂದರು. ಅವರು ಕೇಳಿದ್ದು ಅಷ್ಟೇ. ಬದುಕಿಸು ಅಂತ ಕೇಳಲಿಲ್ಲ, ಕೇಳಿದ್ದರೆ ನನ್ನ ಕೈಲೇನಿತ್ತು?

ಹೀಗೆ ನಡೆಯುತ್ತಿತ್ತು ಕೆಲಸ. ಬೆಳಗ್ಗೆ ಆರಕ್ಕೆ ಅವರು ಸಾಲಿನೊಳಗೆ ಹೋಗಿ ಕಾಯಿಗಳನ್ನು ಮುಟ್ಟಿ ನೋಡಿ, ಗಟ್ಟಿ ಇರುವ ಹತ್ತು ಕಾಯಿಯ ತೊಟ್ಟಿಗೆ ಬಿಳಿ ದಾರ, ಮೆತ್ತಗಾದ ಹತ್ತಕ್ಕೆ ಕೆಂಪು ದಾರ ಕಟ್ಟುವರು. ಏಳಕ್ಕೆಲ್ಲ ಸುಸ್ತಾಗಿ ಮನೆಗೆ ಬರುವರು. ಒಂಬತ್ತೂವರೆಗೆ ಸರಿಯಾಗಿ ಕೀಳುವವರು ಬಂದು ದಾರದ ಕಾಯಿಗಳನ್ನು ಕಿತ್ತು, ಅಲ್ಲೇ ಹೊಗೆಯಾಡುವ ದ್ರವ ಸಾರಜನಕಕ್ಕೆ ಹಾಕುವರು. ದಿನಾ ಅದೇ ಹೊತ್ತಿಗೆ ಕೀಳಬೇಕು, ಏಕೆಂದರೆ ಬೆಳಗಿನ ಕಾಯಿಯ ಜೀನ್‌ಗಳು ಒಂದು ಹೇಳಿದರೆ ಮಧ್ಯಾಹ್ನದ ಕಾಯಿಯವು ಇನ್ನೊಂದು ಹೇಳುತ್ತವೆ. ಗಳಿಗೆಯಲ್ಲಿ ಕಲ್ಲಾದ ಕಾಯಿಗಳು ನನ್ನ ಬಳಿ ಬರುತ್ತಿದ್ದವು. ನಾನು ಅರೆದು, ಅದರೊಳಗಿನ ಆರ್‌ಎನ್‌ಎ ತೆಗೆದು, ಯಾವ ಜೀನ್ ಎಷ್ಟು ದುಡಿಯುತ್ತಿತ್ತು ಎಂದು ನೋಡುತ್ತಿದ್ದೆ.

ಏಳರಿಂದ ಒಂಬತ್ತು ನಮ್ಮ ಹೊತ್ತು. ಮೆಟ್ಟಿಲ ಮೇಲೆ ಕೂತು ಟೀ ಕುಡಿಯುವುದು. ಅವರಿಗೆ ಅರ್ಧ ಕಪ್ಪು ಇಳಿದರೆ ದೊಡ್ಡದು. ನಾನು ಪೇಪರ್ ಓದುವೆ, ಅವರು ಒಂದೊಂದು ಸುದ್ದಿಗೂ ಒಂದೊಂದು ಕೊಕ್ಕೆ ಹಾಕುವರು. ಯಾರೋ ಮಂತ್ರಿ ಮಾತಾಡುತ್ತಾ ಅತ್ತರಂತೆ ಎಂದರೆ, "ಈರುಳ್ಳಿ ಜೇಬಲ್ಲೇ ಇತ್ತೇನೋ ನೋಡು" ಅನ್ನುವರು. ವಾಂತಿ ಬಂದರೆ ಬೋಗುಣಿ ಹಿಡಿಯುವೆ, ಬಾಯಿ ಒರೆಸುವೆ, ಮತ್ತೆ ಪೇಪರ್ ತೆಗೆಯುವೆ. ಸುಖ ಎಂದರೆ ಏನು ಎಂದು ಈಗ ಯಾರಾದರೂ ಕೇಳಿದರೆ ನಾನು ಆ ಬೋಗುಣಿಯನ್ನೂ ಸೇರಿಸಿಯೇ ಹೇಳುತ್ತೇನೆ.

ಮೊದಲ ವಾರದ ಕಾಯಿಗಳನ್ನು ಯಂತ್ರಕ್ಕೆ ಹಾಕಿದ ದಿನ ಉತ್ತರ ತಲೆಕೆಳಗಾಗಿ ಬಂತು. ಕಾಯಿಯ ಒಳಗೋಡೆಗಳನ್ನು ಸಡಿಲಿಸುವ ಜೀನ್ ಒಂದಿದೆ. ಮೆತ್ತಗಾಗುವುದೇ ಅದರಿಂದ. ಬಿಳಿ ದಾರದ ಗಟ್ಟಿ ಕಾಯಿಯಲ್ಲಿ ಅದು ಗಾಢ ನಿದ್ದೆಯಲ್ಲಿರಬೇಕು. ಹಿಂದಿನ ವರ್ಷಗಳಲ್ಲಿ ಇದ್ದದ್ದೂ ಹಾಗೆಯೇ. ಈ ಸಲ ನೋಡಿದರೆ ಎಪ್ಪತ್ತು ಬಿಳಿ ದಾರದ ಕಾಯಿಗಳಲ್ಲಿ ಮೂವತ್ತೊಂದರಲ್ಲಿ ಅದು ಎದ್ದು ಕುಣಿಯುತ್ತಿದೆ. ಕೆಂಪು ದಾರದ ಎಷ್ಟೋ ಕಾಯಿಗಳಲ್ಲಿ ಮಲಗಿದೆ. ನನ್ನ ಕೈ ತಪ್ಪಿರಬೇಕು ಎಂದು ಮತ್ತೆ ಮಾಡಿದೆ. ಮೂರನೇ ಸಲ ಟ್ಯೂಬಿನ ಒಂದೊಂದು ಚೀಟಿಯನ್ನೂ ಬಾಯಿಬಿಟ್ಟು ಓದಿಕೊಂಡು ಮಾಡಿದೆ. ಅದೇ ಉತ್ತರ. ಕಣ್ಣುಮುಚ್ಚಿ ಕಟ್ಟಿದರೂ ಇಷ್ಟೇ ಸರಿ ಬರುತ್ತಿತ್ತು.

ಆಮೇಲೆ ಒಂದೊಂದಾಗಿ ನೆನಪಾಯಿತು. ಗುಂಡಿ ಇರುವ ಅಂಗಿ ಬಿಟ್ಟು ಇವರು ತಿಂಗಳಿಂದ ಬರೀ ಬನಿಯನ್ ಹಾಕುತ್ತಿದ್ದರು. ಸೆಖೆ ಅಂದಿದ್ದರು, ನಾನು ನಂಬಿದ್ದೆ. ಚಮಚ ಕೈಯಿಂದ ಜಾರಿದಾಗ ನಿಶ್ಶಕ್ತಿ ಅಂದುಕೊಂಡಿದ್ದೆ. ಈ ಔಷಧಿಗೆ ಬೆರಳ ತುದಿ ಜೋಮು ಹಿಡಿಯಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದರು. "ಹಾಗಾದ್ರೆ ಹೇಳಿ, ಔಷಧಿ ಬದಲಾಯಿಸೋಣ" ಅಂದಿದ್ದರು. ಪ್ರತಿ ಸಲ ಕೇಳಿದಾಗಲೂ ಇವರು, "ಏನೂ ಇಲ್ಲ ಸಾರ್, ಬೆರಳು ಬೊಂಬಾಟಾಗಿದೆ" ಎನ್ನುತ್ತಿದ್ದರು.

ಆ ಸಂಜೆ ಟೀಯನ್ನು ಒಲೆಯಿಂದಿಳಿಸಿ ಹಾಗೇ ಗಾಜಿನ ಲೋಟಕ್ಕೆ ಸುರಿದು ಅವರ ಕೈಗೆ ಕೊಟ್ಟೆ. ನಾನು ಬಟ್ಟೆ ಸುತ್ತಿ ಹಿಡಿದು ತಂದಿದ್ದೆ. ಅವರು ಬರಿಗೈಯಲ್ಲಿ ಐದೂ ಬೆರಳು ಸುತ್ತಿ ಹಿಡಿದುಕೊಂಡು, ತೋಟದಲ್ಲಿ ಇಲಿ ಕಾಟ ಜಾಸ್ತಿಯಾಗಿದೆ ಎಂದು ಹೇಳುತ್ತಾ ಕೂತರು. ನಾನೇ ಲೋಟ ಕಿತ್ತುಕೊಂಡೆ. "ಸಕ್ಕರೆ ಹಾಕಿಲ್ಲ ರೀ" ಅಂದೆ. ಒಳಗೆ ಹೋಗಿ ನಲ್ಲಿ ಬಿಟ್ಟು, ಆ ಸದ್ದಿನಲ್ಲಿ ಅತ್ತೆ.

ಹೇಳಿಬಿಡಬಹುದಿತ್ತು. ನಿಮ್ಮ ಬೆರಳು ಹೋಗಿದೆ, ನನಗೆ ಗೊತ್ತಾಗಿದೆ, ಬನ್ನಿ ಸಾಕು ಎಂದು. ಆದರೆ ಬೆರಳೂ ಇಲ್ಲ ಎಂದಾದರೆ ಅವರ ಹತ್ತಿರ ಉಳಿಯುವುದು ಬರೀ ರೋಗ. ಬೆಳಗ್ಗೆ ಆರಕ್ಕೆ ಏಳಲು ಕಾರಣವೇ ಇರುವುದಿಲ್ಲ. ನನ್ನ ಬಾಯಿ ಊರಿಗೆಲ್ಲ ಗೊತ್ತು, ಯಾರ ಮುಲಾಜಿಗೂ ಬೀಳದ ಬಾಯಿ. ಅವತ್ತು ಅದಕ್ಕೆ ಬೀಗ ಬಿತ್ತು.

ಮರುದಿನ ದೊಡ್ಡ ಮೇಡಂ ಕೋಣೆಗೆ ಹೋಗಿ, "ಮೊದಲ ವಾರದ ಟ್ಯೂಬು ಅದಲುಬದಲು ಮಾಡ್ಬಿಟ್ಟೆ ಮೇಡಂ, ಎಸೀಬೇಕು" ಅಂದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ನೀವಾ? ಇಷ್ಟು ವರ್ಷದಲ್ಲಿ ಒಂದು ಚೀಟಿ ತಪ್ಪಿಸದವರು?" ಅಂದರು. ಮನೆಯ ಪರಿಸ್ಥಿತಿ ನೋಡಿ ಸುಮ್ಮನಾದರು. ಲ್ಯಾಬಿಗೆ ಹೊಸದಾಗಿ ಸೇರಿದ ಹುಡುಗರು ಅಲ್ಲೇ ಇದ್ದರು, ಅವರ ಎದುರು ಹೇಳಿದ್ದರಿಂದ ಸ್ವಲ್ಪ ಚುರುಗುಟ್ಟಿತು, ನುಂಗಿಕೊಂಡೆ.

ಅಂದಿನಿಂದ ನನ್ನ ಗಂಡ ಕಟ್ಟಿ ಬಂದ ದಾರವನ್ನು ನಾನು ತಿದ್ದುವುದು ಶುರುವಾಯಿತು. ಅವರು ಏಳಕ್ಕೆ ಮನೆಗೆ ಬರುವರು, ನಾನು ಏಳಕ್ಕೆ ಹೊರಡುವೆ. "ಲ್ಯಾಬಲ್ಲಿ ಕೆಲಸ ಕುತ್ತಿಗೆಗೆ ಬಂದಿದೆ ರೀ" ಎಂದು ಹೇಳಿ, ಫ್ಲಾಸ್ಕಿನಲ್ಲಿ ಟೀ ಇಟ್ಟು, ಬೋಗುಣಿಯನ್ನು ಕೈಗೆಟಕುವ ಹಾಗೆ ಸರಿಸಿ ಓಡುವೆ. ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಎರಡು ಗಂಟೆ ಆ ಸಾಲುಗಳಲ್ಲಿ ನಿಲ್ಲುವೆ. ಹಳೆಯ ಪಾಠ ನೆನಪಿಗೆ ತಂದುಕೊಂಡು ಮುಟ್ಟುವೆ. ತಪ್ಪು ದಾರ ಬಿಚ್ಚಿ ಸರಿಯಾದದ್ದಕ್ಕೆ ಕಟ್ಟುವೆ. ಅನುಮಾನ ಬಂದ ಕಾಯಿಯನ್ನು ಕೈಬಿಟ್ಟು ಖಚಿತವಾದದ್ದು ಹುಡುಕುವೆ. ಒಂಬತ್ತೂವರೆಗೆ ಕೀಳುವವರು ಬಂದಾಗ ನಾನು ಏನೂ ಅರಿಯದವಳ ಹಾಗೆ ಲ್ಯಾಬಿನಲ್ಲಿ ಕೈಗವಸು ಹಾಕಿಕೊಳ್ಳುತ್ತಿದ್ದೆ.

ಮೊದಲ ಮೂರು ದಿನ ಅವರು "ಇವತ್ತೂನಾ?" ಎಂದು ಕೇಳಿದರು. ನಾಲ್ಕನೇ ದಿನದಿಂದ ಕೇಳಲಿಲ್ಲ. ಅರ್ಥ ಮಾಡಿಕೊಂಡರು ಎಂದು ನನಗೆ ಸಮಾಧಾನವಾಯಿತು. ಅವರು ದಿನಕ್ಕೆ ಎರಡು ಸಲ ಸ್ನಾನ ಮಾಡಲು ಶುರು ಮಾಡಿದರು, ಸದಾ ಕಿಟಕಿ ತೆರೆದಿಡುವರು, ಕುತ್ತಿಗೆಗೆ ಪೌಡರ್ ಹಾಕಿಕೊಳ್ಳುವರು, ಬೋಗುಣಿಯನ್ನು ಗೋಡೆ ಹಿಡಿದುಕೊಂಡು ಹೋಗಿ ತಾವೇ ತೊಳೆದಿಡುವರು. ಎಷ್ಟು ಲವಲವಿಕೆ ಬಂದಿದೆ, ತೋಟದ ಕೆಲಸ ಇವರನ್ನು ಎತ್ತಿ ನಿಲ್ಲಿಸಿದೆ ಎಂದು ನಾನು ಒಳಗೊಳಗೇ ಬೀಗಿದೆ. "ಏನ್ರೀ ಪೌಡರು, ಯಾರನ್ನ ನೋಡೋಕೆ ಹೊರಟಿದೀರ?" ಎಂದು ತಮಾಷೆ ಬೇರೆ ಮಾಡಿದೆ. ಅವರು ನಕ್ಕರು.

ನಾನು ದಾರ ತಿದ್ದಲು ಶುರು ಮಾಡಿದ ಇಪ್ಪತ್ತೊಂದನೇ ದಿನ ಸಂಜೆ ದೊಡ್ಡ ಮೇಡಂ ನಮ್ಮ ಮನೆಗೆ ಬಂದರು. ಕೈಯಲ್ಲಿ ಗ್ರಾಫು ಅಚ್ಚು ಹಾಕಿದ ಹಾಳೆ. ಚಪ್ಪಲಿ ಬಿಡುವ ಮೊದಲೇ ಮಾತು ಶುರು.

"ಬೆರಳು ಮಾಸ್ತರೇ, ಹನ್ನೊಂದು ವರ್ಷದಲ್ಲಿ ಇಷ್ಟು ಚೊಕ್ಕವಾದದ್ದು ನಾನು ನೋಡಿಲ್ಲ. ಇನ್ನೂರಹತ್ತು ಬಿಳಿ ದಾರ, ಒಂದೂ ತಪ್ಪಿಲ್ಲ! ಗೋಡೆ ಸಡಿಲಿಸೋ ಜೀನು ಏಳೋದಕ್ಕೆ ಮೊದಲೇ ಇನ್ನೊಂದು ಏಳುತ್ತೆ, ನೋಡಿ ಇಲ್ಲಿ. ನಾವು ಹುಡುಕ್ತಿದ್ದದ್ದು ಇದೇ. ನಿಮ್ಮ ಕೈಯಿಂದ ಆಯ್ತು. ಇನ್ನು ನಾಳೆ ಒಂದು ದಿನ. ಕೊನೇ ಚುಕ್ಕಿ ಬಿದ್ರೆ ಮುಗೀತು, ಆಮೇಲೆ ತೋಟದಲ್ಲಿ ಗಟ್ಟಿ ಕಾಯೇ ಇರಲ್ಲ."

ಇವರು ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. "ಒಂದೂ ತಪ್ಪಿಲ್ವಾ ಮೇಡಂ?" ಎಂದು ಕೇಳಿದರು.

"ಒಂದೇ ಒಂದೂ ಇಲ್ಲ."

"ಸಂತೋಷ" ಅಂದರು. ನಾನು ಟೀ ಕೊಟ್ಟೆ, ಮೇಡಂ ಕುಡಿದು ಹೋದರು. ನನಗೋ ನೆಲದ ಮೇಲೆ ಕಾಲು ನಿಲ್ಲದಷ್ಟು ಖುಷಿ. ಬಸ್ಸಿನಲ್ಲಿ ಅವರು ಕೇಳಿದ್ದನ್ನು ನಡೆಸಿಕೊಟ್ಟಿದ್ದೆನಲ್ಲ.

ಬಾಗಿಲು ಹಾಕಿ ಬಂದಾಗ ಅವರು ಇನ್ನೂ ಹಾಳೆ ನೋಡುತ್ತಿದ್ದರು.

"ಎಷ್ಟು ದಿನದಿಂದ?" ಅಂದರು.

"ಏನ್ರೀ ಎಷ್ಟು ದಿನದಿಂದ?"

"ನಾಟಕ ಬೇಡ ಕಣೇ. ನನ್ನ ಬೆರಳು ಗಟ್ಟಿಮುಟ್ಟಾಗಿದ್ದ ಕಾಲದಲ್ಲೇ ನೂರಕ್ಕೆ ಮೂರೋ ನಾಲ್ಕೋ ತಪ್ತಿತ್ತು. ಈ ಸಲ ನಾನು ಕಟ್ಟಿದ್ದೆಲ್ಲ ಕಣ್ಣಂದಾಜು. ಮುಟ್ಟಿದ್ರೆ ಕಾಯೋ, ಗಾಳಿಯೋ ಗೊತ್ತಾಗ್ತಿರಲಿಲ್ಲ. ಅದ್ರಲ್ಲಿ ಒಂದೂ ತಪ್ಪಿಲ್ಲ ಅಂದ್ರೆ ಯಾರೋ ಹಿಂದೇನೇ ಬಂದು ತಿದ್ದಿದಾರೆ. ಈ ತೋಟದಲ್ಲಿ ನಾನು ಇದನ್ನ ಕಲಿಸಿರೋದು ಒಬ್ಬಳಿಗೇ."

ನನ್ನ ಮೇಲೇ ನನಗೆ ರೇಗಿತು. ನಾಲ್ಕು ತಪ್ಪು ಬಿಡಬೇಕಿತ್ತು! ಎಲ್ಲದರಲ್ಲೂ ಅಚ್ಚುಕಟ್ಟು ಮಾಡುವ ಈ ದರಿದ್ರ ಬುದ್ಧಿ. ಅವರ ಹಾಗೆ ತಪ್ಪಲು ಕಲಿಯಬೇಕೆಂದು ನನಗೆ ಹೊಳೆಯಲೇ ಇಲ್ಲ.

"ಬೆಳಗ್ಗೆ ಏಳಕ್ಕೆ ಎದ್ದು ಓಡ್ತಿದ್ದೆಯಲ್ಲ, ಅಲ್ಲಿಗಾ?" ಅಂದರು.

"ಹೂಂ" ಅಂದೆ. ಬೈಗುಳಕ್ಕೆ ಸಿದ್ಧಳಾಗಿಯೇ ನಿಂತಿದ್ದೆ. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ದೊಡ್ಡ ಹೊರೆ ಇಳಿಸಿದವರ ಹಾಗೆ ಗೋಡೆಗೆ ಒರಗಿದರು.

"ಅಷ್ಟೇನಾ. ನಾನು ಬೇರೆ ಏನೋ ಅಂದ್ಕೊಂಡಿದ್ದೆ."

"ಏನಂದ್ಕೊಂಡಿದ್ರಿ?"

"ಬಿಡು ಈಗ."

"ಬಿಡೋದೆಲ್ಲ ಇಲ್ಲ. ಹೇಳಿ."

"ನನ್ನ ವಾಸನೆ ನಿನಗೆ ತಡ್ಕೊಳ್ಳೋಕಾಗ್ತಿಲ್ಲ ಅಂತ. ಎರಡು ಗಂಟೆ ಪಕ್ಕದಲ್ಲಿ ಕೂರೋದು ಕಷ್ಟ, ಅದಕ್ಕೇ ಹೋಗ್ತಾಳೆ ಅಂತ. ನಿನ್ನ ತಪ್ಪು ಅಂತ ಅಂದ್ಕೊಂಡಿಲ್ಲ ಮತ್ತೆ. ನನಗೇ ತಡ್ಕೊಳ್ಳೋಕಾಗಲ್ಲ, ನಿನಗೆ ಹೇಗಾಗುತ್ತೆ ಅಂತ."

ಎರಡು ಹೊತ್ತಿನ ಸ್ನಾನ, ಪೌಡರ್, ಗೋಡೆ ಹಿಡಿದು ಹೋಗಿ ತೊಳೆದ ಬೋಗುಣಿ. ಅವರು ಇಪ್ಪತ್ತೊಂದು ದಿನ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಲು ಹೆಣಗಿದ್ದರು, ನಾನು ಅದನ್ನು ಚೇತರಿಕೆ ಎಂದು ಓದಿದ್ದೆ. ಇಂಥ ಹೊತ್ತಿನಲ್ಲಿ ಬೇರೆಯವರು ಅಳುತ್ತಾರೆ, ನಾನು ಕಿರುಚಿದೆ.

"ಕೇಳೋಕೆ ಬಾಯಿರಲಿಲ್ವಾ ನಿಮಗೆ? ಇಪ್ಪತ್ತಾರು ವರ್ಷ ಸಂಸಾರ ಮಾಡಿ ಇಷ್ಟೇನಾ ನನ್ನ ತಿಳ್ಕೊಂಡಿದ್ದು? ಎಲ್ಲೇ ಹಾಳಾಗಿ ಹೋಗ್ತೀಯ ಅಂತ ಒಂದು ಮಾತು ಕೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

"ನಿನಗಿತ್ತಾ ಬಾಯಿ?" ಅಂದರು ಮೆಲ್ಲಗೆ. "ಬೆರಳು ಏನಾಯ್ತು ಅಂತ ನೀನು ಕೇಳಿದ್ಯಾ?"

ನಾನು ಕೇಳಿರಲಿಲ್ಲ. ಹೋಗಿ ಅವರ ಪಕ್ಕ ಕೂತೆ.

"ನಾಳೆ ಹೋಗ್ಬೇಡ" ಅಂದರು.

"ನಾಳೆ ಕೊನೇ ದಿನ ರೀ. ಮೇಡಂ ಆ ಚುಕ್ಕಿ..."

"ನಾನೂ ಹೋಗಲ್ಲ. ನೀನೂ ಹೋಗ್ಬೇಡ. ಆ ಚುಕ್ಕಿ ಇಲ್ದೇ ಇದ್ರೆ ದ್ರಾಕ್ಷಿ ಹಣ್ಣಾಗದೇ ಇರುತ್ತಾ? ಇಲ್ಲೇ ಕೂತ್ಕೋ."

ಮರುದಿನ ಯಾರೂ ದಾರ ಕಟ್ಟಲಿಲ್ಲ. ಆರರಿಂದಲೇ ಮೆಟ್ಟಿಲ ಮೇಲೆ ಕೂತೆವು. ಪೇಪರ್ ಬಂತು, ಓದಿದೆ. ಅವರು ಕೊಕ್ಕೆ ಹಾಕಿದರು, ದನಿ ಸಣ್ಣಗಿತ್ತು. ನಾನು ಅವರ ಕೈ ಹಿಡಿದುಕೊಂಡೆ. "ಹಿಡ್ಕೊಂಡಿದೀಯ ಅಂತ ನೋಡಿದ್ರೇನೇ ಗೊತ್ತಾಗೋದು" ಅಂದರು. ಆಮೇಲೆ ನನ್ನ ಕೈಯನ್ನು ಎತ್ತಿಕೊಂಡು ಮೊಣಕೈ ಮೇಲೆ ತೋಳಿಗೆ ಒತ್ತಿಕೊಂಡು, "ಇಲ್ಲಿಡು. ಇಲ್ಲಿ ಗೊತ್ತಾಗುತ್ತೆ" ಅಂದರು. ಒಂಬತ್ತೂವರೆಗೆ ಕೀಳುವವರು ದಾರ ಕಾಣದೆ ಕಕ್ಕಾಬಿಕ್ಕಿಯಾಗಿ ಮನೆ ತನಕ ಬಂದರು. "ಇವತ್ತು ರಜೆ, ಹೋಗಿ" ಎಂದು ಅವರೇ ಹೇಳಿ ಕಳಿಸಿದರು. ನಾನು ಕೈ ತೆಗೆಯಲಿಲ್ಲ.

ಮಧ್ಯಾಹ್ನ ಜ್ವರ ಏರಿತು. ಆಸ್ಪತ್ರೆಗೆ ಸೇರಿಸಿದೆ. ಎರಡನೇ ದಿನಕ್ಕೆ ಮಾತು ನಿಂತಿತು, ಮೂರನೇ ದಿನ ಬೆಳಗ್ಗೆ ಹೋದರು. ಮನೆಗೆ ಮತ್ತೆ ಬರಲೇ ಇಲ್ಲ.

ಹದಿನೈದು ದಿನ ಬಿಟ್ಟು ಕೆಲಸಕ್ಕೆ ಹೋದಾಗ ಮೇಡಂಗೆ ಎಲ್ಲ ಹೇಳಿದೆ. ಅದಲುಬದಲಾಗದ ಟ್ಯೂಬು, ಬಿಚ್ಚಿ ಕಟ್ಟಿದ ದಾರ, ಎಲ್ಲವನ್ನೂ. ಅವರು ಬೈಯಲಿಲ್ಲ. ಕಾಯಿ ಗುರುತಿಸಿದವರು ಇಬ್ಬರು ಎಂದು ವರದಿಯಲ್ಲಿ ಬರೆಯೋಣ ಅಂದರು. ಆಮೇಲೆ ಗ್ರಾಫು ಮುಂದಿಟ್ಟು, "ಕೊನೇ ದಿನ ಒಂದು ಖಾಲಿ ಉಳಿದುಬಿಡ್ತು. ಓದಿದವರು ಕೇಳ್ತಾರೆ, ಏನು ಕಾರಣ ಕೊಡೋಣ?" ಎಂದು ನಿಧಾನವಾಗಿ ಕೇಳಿದರು.

"ಮನೇಲಿದ್ವಿ ಅಂತ ಬರೀರಿ ಮೇಡಂ" ಅಂದೆ.

ಆ ಒಂದು ಖಾಲಿ ಜಾಗದ ಬಗ್ಗೆ ಎಲ್ಲರೂ ಕೇಳುತ್ತಾರೆ. ಉಳಿದ ಇಪ್ಪತ್ತೊಂದು ಚುಕ್ಕಿಗಳ ಬಗ್ಗೆ ಯಾರೂ ಕೇಳುವುದಿಲ್ಲ. ಒಂದೂ ತಪ್ಪಿಲ್ಲದ, ಚೊಕ್ಕವಾದ ಇಪ್ಪತ್ತೊಂದು ಚುಕ್ಕಿ. ಒಂದೊಂದನ್ನೂ ನಾನು ಸಾಲಿನಲ್ಲಿ ನಿಂತು ಸರಿ ಮಾಡುತ್ತಿದ್ದಾಗ ಅವರು ಸ್ನಾನ ಮಾಡಿ, ಪೌಡರ್ ಹಾಕಿಕೊಂಡು, ಮೆಟ್ಟಿಲ ಮೇಲೆ ಒಬ್ಬರೇ ಕೂತಿದ್ದರು.